ಸಾರೊ ಮೇಸ್ತ್ರಿ ಕೂಗದ ಕೂಗು

ನಾಗರಿಕರೇ! ಬೆಂಚಿನ ಮೇಲೆ ಸಾಲಾಗಿ ಕುಳಿತಿರುವ ಹನ್ನೊಂದು ಜೊತೆ ಹೆಗಲುಗಳೇ! ಕಿಟಕಿಯ ಪಕ್ಕ ತಲೆ ಹಿಡಿದು ಕುಳಿತಿರುವ ಸಾರೊ ಮೇಸ್ತ್ರಿಗಳೇ! ಒಳಗೆ ಬರಲೂ ಒಲ್ಲದೆ, ಮನೆಗೆ ಹೋಗಲೂ ಒಲ್ಲದೆ ಬಾಗಿಲಿಗೆ ಒರಗಿ ನಿಂತ ನಮ್ಮ ಓಣಿಯ ತಾಯಂದಿರೇ! ಕೆಮ್ಮುವವರು ಈಗಲೇ ಕೆಮ್ಮಿಬಿಡಿ. ಈ ಆಟಕ್ಕೆ ಪರದೆಯಿಲ್ಲ, ತುತ್ತೂರಿಯಿಲ್ಲ, ನಡುವೆ ವಿರಾಮವಿಲ್ಲ. ದ್ರೋಹಿ ಯಾರೆಂಬುದನ್ನು ದ್ರೋಹಿಯ ಬಾಯಿಂದಲೇ ಕೇಳಿ!

ಮೇಲಿನ ಮಾತುಗಳನ್ನು ಬರೆದುಕೊಳ್ಳುವ ಅಗತ್ಯವಿಲ್ಲವೆಂದು ಇನ್ಸ್‌ಪೆಕ್ಟರ್ ಶ್ರೀಮತಿ ಲೊರೆದಾನಾ ತುಚ್ಚಿತ್ತೊ ಅವರು ತಿಳಿಸಿದರು. ಅವು ಬಿಟ್ಟುಹೋದರೆ ಮುಂದಿನದನ್ನು ಹೇಳುವುದಿಲ್ಲವೆಂದು ನಾನು ತಿಳಿಸಿದೆ. ಬರೆದುಕೊಳ್ಳಲಾಗಿದೆ.

ನನ್ನ ಹೆಸರು ನುಂಜಿಯೊ ಕಲ್ತಬಿಯಾನೊ. ತಂದೆ ದಿವಂಗತ ಗಯೆತಾನೊ. ವಯಸ್ಸು ಅರವತ್ತೇಳು. ವಾಸ ಕತಾನಿಯಾ ನಗರ, ಹಗ್ಗದವರ ಓಣಿ, ಮನೆ ನಂಬರ್ ಇಪ್ಪತ್ತಮೂರು, ಎರಡನೆಯ ಮಹಡಿ. ವೃತ್ತಿ, ಸೂತ್ರದ ಗೊಂಬೆಯಾಟದಲ್ಲಿ ಪರದೆಯ ಹಿಂದೆ ನಿಂತು ಗೊಂಬೆಗಳಿಗೆ ದನಿ ಕೊಡುವುದು. ಗುಮಾಸ್ತರು ‘ನಿವೃತ್ತ’ ಎಂದು ಬರೆಯಹೊರಟರು. ನಾನು ನಿವೃತ್ತನಲ್ಲ. ಮೂರು ವರ್ಷದ ಹಿಂದೆ ಗೊಂಬೆಮನೆಯವರು ನನ್ನ ಇಪ್ಪತ್ತು ದನಿಗಳನ್ನೂ ಕ್ಯಾಸೆಟ್ಟಿಗೆ ತುಂಬಿಕೊಂಡು ನನ್ನನ್ನು ಮನೆಗೆ ಕಳಿಸಿದರು. ಪ್ರತಿ ಶನಿವಾರ ಸಂಜೆ ಐದಕ್ಕೆ ನನ್ನ ದನಿ ಕೆಲಸಕ್ಕೆ ಹೋಗುತ್ತದೆ, ನಾನು ಹೋಗುವುದಿಲ್ಲ. ಇಂಥದ್ದಕ್ಕೆ ನಮೂನೆಯಲ್ಲಿ ಜಾಗವಿಲ್ಲವಂತೆ. ಖಾಲಿ ಬಿಡಲಾಗಿದೆ.

ಇದಲ್ಲದೆ, ಸಂತ ಆಗಾತಮ್ಮನ ಹಬ್ಬದಲ್ಲಿ ಹಗ್ಗ ಹೊಸೆಯುವವರ ಸಂಘದ ದೀಪಗಂಬದ ಮುಂದೆ ನಡೆದು, ಜನರನ್ನು ಕೂಗಿ ಕರೆಯುವ ಕೂಗುಗಾರ ನಾನು. ಇಪ್ಪತ್ತಾರು ವರ್ಷಗಳಿಂದ. ಅದಕ್ಕೂ ಜಾಗವಿರಲಿಲ್ಲ.

ಈ ಮೂಲಕ ತಿಳಿಸುವುದೇನೆಂದರೆ,

ನಿನ್ನೆ, ಫೆಬ್ರವರಿ ಎರಡರಂದು, ಮಧ್ಯಾಹ್ನ ಹನ್ನೆರಡು ಗಂಟೆ ಮೂವತ್ತನಾಲ್ಕು ನಿಮಿಷಕ್ಕೆ, ನನ್ನ ಮನೆಯ ಕಿಟಕಿಯ ಕೆಳಗೆ ನಮ್ಮ ದೀಪಗಂಬ ವಾಲಿ, ಅದನ್ನು ಹೊತ್ತಿದ್ದ ಚಿರಿನೊ ಸ್ಪಂಪಿನಾತೊ, ವಯಸ್ಸು ಮೂವತ್ತನಾಲ್ಕು, ಇವನ ಬಲಪಾದ ಜಜ್ಜಿಹೋಗಿದೆ. ‘ಇಳಿಸು’ ಎಂದು ಕೂಗಿದ್ದು ಹೊರುವವರನ್ನು ನಡೆಸುವ ಸಾರೊ ಮೇಸ್ತ್ರಿಯೇ ಎಂದು ಉಳಿದ ಹನ್ನೊಂದು ಹೊರುವವರು ಈ ಠಾಣೆಯಲ್ಲಿ ಬರೆಸಿದ್ದಾರೆ. ತಾನು ಹಾಗೆ ಕೂಗಲೇ ಇಲ್ಲ, ಆಗಾತಮ್ಮನ ಮೇಲಾಣೆ ಎಂದು ಸಾರೊ ಬರೆಸಿದ್ದಾನೆ. ಹನ್ನೊಂದು ಜನ ಹೇಳಿದ್ದೂ ನಿಜ, ಅವನು ಹೇಳಿದ್ದೂ ನಿಜ. ಅದು ಹೇಗೆಂದು ತಿಳಿಸಲು ಯಾರೂ ಕರೆಯದೆ ನಾನಾಗಿಯೇ ಬಂದಿದ್ದೇನೆ.

ಗಂಬದ ಎತ್ತರ ನಾಲ್ಕೂವರೆ ಮೀಟರ್, ತೂಕ ಒಂಬೈನೂರು ಕಿಲೋ. ಮರದ ಮೇಲೆ ಚಿನ್ನದ ಬಣ್ಣ, ನಾಲ್ಕು ಕಾಲು, ನೆತ್ತಿಯಲ್ಲಿ ದೀಪ. ಮುಂದೆ ಆರು, ಹಿಂದೆ ಆರು ಜನ ಹೊರುತ್ತಾರೆ. ಹೆಗಲ ಮೇಲೆ ಮಡಿಸಿದ ಗೋಣಿ ಹಾಕಿ, ತಲೆ ತಗ್ಗಿಸಿ, ತೊಲೆಯ ಕೆಳಗೆ ಹೊಕ್ಕ ಮೇಲೆ ಹೊರುವವನಿಗೆ ಕಾಣುವುದು ಮುಂದಿನವನ ಹಿಮ್ಮಡಿ ಮಾತ್ರ. ದಾರಿ ಕಾಣುವುದಿಲ್ಲ, ಜನ ಕಾಣುವುದಿಲ್ಲ. ಕಿವಿಯೇ ಅವನ ಕಣ್ಣು. ಮೇಸ್ತ್ರಿ ‘ಎತ್ತು’ ಅಂದರೆ ಎತ್ತುತ್ತಾನೆ, ‘ನಡಿ’ ಅಂದರೆ ನಡೆಯುತ್ತಾನೆ, ‘ಬಾಗು’ ಅಂದರೆ ಬಾಗುತ್ತಾನೆ, ‘ಇಳಿಸು’ ಅಂದರೆ ಇಳಿಸುತ್ತಾನೆ. ಯಾಕೆ ಎಂದು ಕೇಳುವವನ ಹೆಗಲು ಆ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಸಂಘದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆಯಿದೆ. ಹಬ್ಬದ ಮುನ್ನಾದಿನ ಗಂಬ ಓಣಿಗೆ ಬಂದಾಗ, ಸಂಘದ ಯಾವುದಾದರೂ ಮನೆಯಲ್ಲಿ ಏಳಲಾಗದ ರೋಗಿಯಿದ್ದರೆ ಮೊದಲ ನಿಲುಗಡೆ ಆ ಬಾಗಿಲಲ್ಲಿ. ಮುಂದಿನ ಆರು ಜನ ಮಂಡಿ ಬಗ್ಗಿಸುತ್ತಾರೆ, ಗಂಬ ರೋಗಿಯ ಕಡೆಗೆ ಬಾಗುತ್ತದೆ. ಅದಕ್ಕೂ ಮೊದಲು ಬೇರೆ ಯಾರಿಗೂ ಬಾಗುವುದಿಲ್ಲ. ಬಿಷಪ್ಪರು ಎದುರಾದರೂ ಇಲ್ಲ.

ನನ್ನ ಹೆಂಡತಿ ವೆನೆರಾ, ವಯಸ್ಸು ಅರವತ್ತನಾಲ್ಕು. ನಲವತ್ತೊಂದು ವರ್ಷ ನನ್ನ ಗೊಂಬೆಗಳಿಗೆ ಉಡುಪು ಹೊಲಿದವಳು, ಮೂವತ್ತು ವರ್ಷ ಈ ಹೊರುವವರಿಗೆ ಬಿಳಿ ನಿಲುವಂಗಿ ಹೊಲಿದವಳು. ಎರಡು ವರ್ಷದ ಹಿಂದೆ ಅವಳ ಎಡ ಎದೆಯನ್ನು ಆಸ್ಪತ್ರೆಯಲ್ಲಿ ತೆಗೆದರು. ಈಗ ಕಾಯಿಲೆ ಮೂಳೆಗೆ ಇಳಿದಿದೆ. ಇಕ್ಕಳದಲ್ಲಿ ಎದೆ ಕೀಳಿಸಿಕೊಂಡ ಆಗಾತಮ್ಮನ ಕಥೆಯನ್ನಾಗಲಿ, ಎದೆಬೇನೆಯ ಹೆಂಗಸರು ಯಾರ ಬಾಗಿಲಿಗೆ ಹೋಗುತ್ತಾರೆಂಬುದನ್ನಾಗಲಿ ಈ ಊರಿನ ಠಾಣೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವೆನೆರಾ ಗುಣ ಮಾಡೆಂದು ಕೇಳಲಿಲ್ಲ. ಜನವರಿಯ ಮೊದಲ ವಾರ ಅವಳು ನನಗೆ ಹೇಳಿದ್ದು, ‘ಗುಣ ಮಾಡು ಅಂತ ಕೇಳೋ ಕಾಲ ಹೋಯ್ತು ಕಣ್ರೀ. ಮೂವತ್ತು ವರ್ಷ ಇವರ ಬೆನ್ನಿಗೆ ಬಟ್ಟೆ ಹೊಲ್ದಿದೀನಿ, ಬೆನ್ನೇ ನೋಡಿದೀನಿ. ಒಂದ್ಸಲ ನನ್ನ ಕಡೆ ಮುಖ ಮಾಡ್ಲಿ. ಅಷ್ಟೇ’ ಎಂದು.

ಜನವರಿ ಮೂವತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ರೊಸಾರಿಯೊ ಉರ್ಸೊ, ಅಂದರೆ ಈ ಸಾರೊ ಮೇಸ್ತ್ರಿ, ವಯಸ್ಸು ಐವತ್ತೆಂಟು, ನಮ್ಮ ಮನೆಗೆ ಬಂದನು. ಹಬ್ಬದ ಸಿಹಿಯ ಡಬ್ಬಿ ತಂದಿದ್ದನು. ಬಿಳಿ ಸಕ್ಕರೆ ಮೆತ್ತಿ, ತುದಿಗೆ ಕೆಂಪು ಚೆರ್ರಿ ಇಟ್ಟ, ಆಗಾತಮ್ಮನ ಎದೆ ಎಂದು ಈ ಊರಿನಲ್ಲಿ ಮಾಡುವ ಆ ಸಿಹಿ. ಡಬ್ಬಿಯಲ್ಲಿ ನಾಲ್ಕಿದ್ದವು. ತೆರೆದ ಮೇಲೆ ಅವನಿಗೆ ತಾನು ಯಾರ ಮನೆಗೆ ಏನು ತಂದೆನೆಂದು ಹೊಳೆಯಿತು. ಮುಖ ಸಣ್ಣದಾಯಿತು. ವೆನೆರಾ ನಕ್ಕು, ‘ಅಲ್ಲಯ್ಯ ಸಾರೊ, ಅವರು ತಗೊಂಡಿದ್ದು ಒಂದು, ನೀನು ನಾಲ್ಕು ತಂದ್ಯಲ್ಲ! ಉಳಿದಿದ್ದನ್ನ ಎಲ್ಲಿ ಇಟ್ಕೊಳ್ಳಲಿ?’ ಎಂದು ಕೇಳಿದಳು. ಸಾರೊ ಅತ್ತನು. ಅವನು ಅತ್ತದ್ದನ್ನು ನಾನು ಮುಚ್ಚಿಡುವುದಿಲ್ಲ. ಅವಳ ಮಂಚದ ಪಕ್ಕ ಕಾಫಿ ಕುಡಿದು, ಗೋಡೆಯ ಮೇಲಿನ ಆಗಾತಮ್ಮನ ಪಟ ಮುಟ್ಟಿ, ‘ಅತ್ತಿಗೆ, ಎರಡನೇ ತಾರೀಕು ಹನ್ನೊಂದೂ ಇಪ್ಪತ್ತಕ್ಕೆ ಗಂಬ ನಿಮ್ಮ ಕಿಟಕಿ ಕೆಳಗೆ. ನಾನೇ ಬಾಗಿಸ್ತೀನಿ. ತಪ್ಪಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ’ ಎಂದನು.

ಅವನು ಹೋದ ಮೇಲೆ ನಾನು ಅವನ ದನಿಯಲ್ಲಿ ಅದೇ ಮಾತನ್ನು ಆಡಿ ತೋರಿಸಿದೆ. ಸಾರೊ ಮೊದಲು ಗಂಟಲಲ್ಲಿ ಒಮ್ಮೆ ಗುರುಗುಟ್ಟುತ್ತಾನೆ, ಆಮೇಲೆ ಮಾತು, ಕೊನೆಯ ಅಕ್ಷರವನ್ನು ಹಗ್ಗದ ಹಾಗೆ ಎಳೆಯುತ್ತಾನೆ. ಕಷ್ಟದ ದನಿಯಲ್ಲ. ವೆನೆರಾ ನಕ್ಕು ನಕ್ಕು, ‘ಸಾಕ್ರೀ, ಉಸಿರು ಸಿಕ್ತಿಲ್ಲ. ಊರೆಲ್ಲ ಮೋಸ ಹೋಗುತ್ತೆ, ನಾನು ಹೋಗಲ್ಲ. ಯಾರ ದನಿ ಮಾಡಿದ್ರೂ ಕೊನೇ ಅಕ್ಷರಕ್ಕೆ ಮುಂಚೆ ನೀವು ಒಂದು ಉಸಿರು ಕದೀತೀರಿ’ ಎಂದಳು. ಈ ಮಾತು ಮುಂದೆ ಬೇಕಾಗುತ್ತದೆ, ಗುಮಾಸ್ತರು ಸರಿಯಾಗಿ ಬರೆದುಕೊಂಡಿದ್ದಾರೆಂದು ನೋಡಿಕೊಂಡಿದ್ದೇನೆ.

ಫೆಬ್ರವರಿ ಎರಡರಂದು ಬೆಳಿಗ್ಗೆ ಹತ್ತೂ ಹದಿನೈದಕ್ಕೆ ವೆನೆರಾ ಹಬ್ಬಕ್ಕೆ ಭಕ್ತರೆಲ್ಲ ತೊಡುವಂಥ ತನ್ನ ಬಿಳಿ ನಿಲುವಂಗಿ ತೊಡಿಸೆಂದಳು. ತೊಡಿಸಿದೆ. ಎರಡು ವರ್ಷದ ಹಿಂದೆ ಅವಳಿಗೆ ಅಳತೆಯಾಗಿದ್ದದ್ದು ಈಗ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಹಿಂದಿನಿಂದ ನಾಲ್ಕು ಗುಂಡುಪಿನ್ನು ಹಾಕಿ ಬಿಗಿಮಾಡಿದೆ. ಮುಂದಿನಿಂದ ಗೊತ್ತಾಗುವುದಿಲ್ಲವೆಂದು ಹೇಳಿದೆ. ಎರಡು ದಿಂಬು ಒತ್ತುಕೊಟ್ಟು ಕಿಟಕಿಯಲ್ಲಿ ಕೂರಿಸಿದೆ. ಹೊರಗೆ ಒಂಬತ್ತು ಡಿಗ್ರಿ ಚಳಿ. ಕಿಟಕಿ ಮುಚ್ಚುತ್ತೇನೆಂದರೆ ಬೇಡವೆಂದಳು.

ಹತ್ತೂ ಐವತ್ತಕ್ಕೆ ಸಂಘದ ಗುಡಿಯಿಂದ ಗಂಬ ಎದ್ದಿತು. ಹನ್ನೊಂದೂ ಐದಕ್ಕೆ ಓಣಿಗೆ ಹೊಕ್ಕಿತು. ನಾನು ಹತ್ತು ಹೆಜ್ಜೆ ಮುಂದೆ ಕೂಗುತ್ತಿದ್ದೆ. ಹಿಂದೆ ವಾದ್ಯದವರು. ಗಂಬವನ್ನು ತೊಟ್ಟಿಲು ತೂಗುವ ಹಾಗೆ ತೂಗುತ್ತಾ ಅವರು ಬರುತ್ತಿದ್ದರು. ಹನ್ನೊಂದೂ ಇಪ್ಪತ್ತಕ್ಕೆ ನನ್ನ ಮನೆಯ ಬಾಗಿಲು. ನಾನು ತಿರುಗಿ ನಿಂತು, ಎರಡೂ ಕೈ ಎತ್ತಿ, ‘ನಾಗರಿಕರೇ!’ ಎಂದು ಕಿಟಕಿಯ ಕಡೆ ತೋರಿಸಿದೆ. ಸಾರೊ ‘ನಡಿ’ ಎಂದನು.

ಗಂಬ ನಿಲ್ಲಲಿಲ್ಲ. ನನ್ನ ಪಕ್ಕದಲ್ಲಿ ಹಾದುಹೋಯಿತು. ನಾನು ಓಡಿಹೋಗಿ ಸಾರೊನ ತೋಳು ಹಿಡಿದು, ‘ಲೇ, ಮನೆ ದಾಟಿತಲ್ಲೋ!’ ಎಂದೆ. ಅವನು ನನ್ನ ಮುಖ ನೋಡದೆ, ‘ಹಿಂದಿರುಗುವಾಗ ನುಂಜಿಯಣ್ಣ, ಹಿಂದಿರುಗುವಾಗ. ಮೇಲಿನವರು ಹೇಳಿ ಕಳಿಸಿದಾರೆ, ಮೊದಲು ಅಲ್ಲಿ’ ಎಂದನು. ಮೇಲಿನವರೆಂದರೆ ದೇವರಲ್ಲ. ನನ್ನ ಮನೆಯಿಂದ ನೂರಹತ್ತು ಮೀಟರ್ ಮುಂದೆ, ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ, ಮೊದಲ ಮಹಡಿಯಲ್ಲಿ ಕೆಂಪು ಬಟ್ಟೆ ಹೊದಿಸಿದ ಬಾಲ್ಕನಿ. ಡಾನ್ ಮಾಸಿನೊ ಅವರದು. ಅವರು ಒಂಬತ್ತು ವರ್ಷ ಊರಿನಲ್ಲಿರಲಿಲ್ಲ. ಎಲ್ಲಿದ್ದರೆಂಬುದು ನನಗಿಂತ ಈ ಠಾಣೆಗೆ ಚೆನ್ನಾಗಿ ಗೊತ್ತು. ಕ್ರಿಸ್‌ಮಸ್ಸಿಗೆ ಮನೆಗೆ ಬಂದಿದ್ದರು. ಅವರಿಗೆ ಏಳಲಾಗದ ರೋಗವೇನೂ ಇರಲಿಲ್ಲ. ಅವರು ನಿಂತೇ ಇದ್ದರು, ಕೈಯಲ್ಲಿ ಗ್ಲಾಸು ಹಿಡಿದು.

ನಾನು ತಲೆ ಎತ್ತಿ ನಮ್ಮ ಕಿಟಕಿ ನೋಡಿದೆ. ವೆನೆರಾ ಕೈ ಆಡಿಸಿ, ಹೋಗಿ ಹೋಗಿ, ಹಿಂದಿರುಗುವಾಗ ಬರುತ್ತಾರಲ್ಲ ಎಂಬಂತೆ ಸನ್ನೆ ಮಾಡಿದಳು. ಸಾರೊನ ಪರವಾಗಿ ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಹನ್ನೊಂದೂ ಮೂವತ್ತೊಂದಕ್ಕೆ ಗಂಬ ಆ ಬಾಲ್ಕನಿಯ ಕೆಳಗೆ ನಿಂತಿತು. ಮೂರು ಸಲ ಬಾಗಿತು. ಬಾಗಿಸಿದ್ದು ಸಾರೊ, ಕೂಗಿದ್ದು ಸಾರೊ, ಅದರಲ್ಲಿ ಯಾವ ಸಂಶಯವೂ ಇಲ್ಲ. ನನಗೂ ಕೂಗಲು ಹೇಳಿದನು. ನಾನು ಕೂಗಲಿಲ್ಲ. ಕೆಳಗೆ ಸಮವಸ್ತ್ರದವರು ಇಬ್ಬರಿದ್ದರು. ಗಂಬ ಮೂರನೆಯ ಸಲ ಬಾಗುವ ಹೊತ್ತಿಗೆ ಒಬ್ಬರು ಕಿತ್ತಳೆ ಸುಲಿಯುತ್ತಿದ್ದರು, ಇನ್ನೊಬ್ಬರು ಸಿಪ್ಪೆ ಹಾಕಲು ಜಾಗ ಹುಡುಕುತ್ತಿದ್ದರು. ಅವರ ಹೆಸರು ನನಗೆ ತಿಳಿಯದು. ಈ ವಾಕ್ಯ ಬೇಡವೆಂದು ಗುಮಾಸ್ತರು ಹೇಳಿದರು, ಇರಲಿ ಎಂದು ಇನ್ಸ್‌ಪೆಕ್ಟರಮ್ಮನವರು ಹೇಳಿದರು. ಇದೆ.

ಗಂಬವನ್ನು ಅಲ್ಲಿಯೇ ಇಳಿಸಿ, ಹೊರುವವರಿಗೆ ಹುರಿಗಡಲೆ, ವೈನು ಕೊಟ್ಟರು. ಹನ್ನೆರಡೂ ಹತ್ತಕ್ಕೆ ನಾನು ಓಣಿಯ ಬಾಯಲ್ಲಿ ನಿಂತು ಹಿಂದಕ್ಕೆ ನೋಡಿದೆ. ನೂರಹತ್ತು ಮೀಟರಿನಿಂದ ಕಿಟಕಿಯಲ್ಲಿ ಬಿಳಿಯ ಚುಕ್ಕೆ ಕಾಣುತ್ತಿತ್ತು. ಹನ್ನೆರಡೂ ಇಪ್ಪತ್ತಕ್ಕೆ ಸಾರೊ ಬಂದು, ಹೊತ್ತಾಯಿತು, ಎಡಕ್ಕೆ ತಿರುಗಿ ದೊಡ್ಡ ರಸ್ತೆಯಲ್ಲೇ ಗುಡಿಗೆ ಹೋಗಿಬಿಡೋಣ, ಓಣಿಗೆ ಮತ್ತೆ ಹೊಕ್ಕರೆ ತಡವಾಗುತ್ತದೆ ಎಂದನು. ವೆನೆರಾ ಕಾಯುತ್ತಿದ್ದಾಳೆ ಎಂದೆ. ‘ಅತ್ತಿಗೆಗೆ ನಾನು ಬಂದು ಹೇಳ್ತೀನಿ ಬಿಡಣ್ಣ, ಅವರು ಅರ್ಥ ಮಾಡ್ಕೋತಾರೆ. ಮುಂದಿನ ವರ್ಷ ಮೊದಲ ನಿಲುಗಡೆ ನಿಮ್ಮದೇ’ ಎಂದನು. ಮುಂದಿನ ವರ್ಷ ಎಂದನು. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೂ ಗೊತ್ತಾಯಿತು. ಅಷ್ಟರಲ್ಲಿ ಡಾನ್ ಮಾಸಿನೊ ಅವರ ಮನೆಯವರು ಬಂದು, ಯಜಮಾನರು ಒಳಗೆ ಕರೆಯುತ್ತಿದ್ದಾರೆಂದು ಅವನನ್ನು ಕರೆದುಕೊಂಡು ಹೋದರು. ಆಗ ಹನ್ನೆರಡೂ ಇಪ್ಪತ್ತನಾಲ್ಕು.

ಹೊರುವವರು ತೊಲೆಯ ಕೆಳಗೆ ಹೊಕ್ಕು ಮೇಸ್ತ್ರಿಯ ಕೂಗಿಗಾಗಿ ಕಾಯುತ್ತಿದ್ದರು. ತಲೆ ತಗ್ಗಿತ್ತು. ಗೋಣಿಗಳು ಹೆಗಲ ಮೇಲಿದ್ದವು. ಹನ್ನೆರಡು ಜನ. ನನ್ನ ಗೊಂಬೆಮನೆಯಲ್ಲಿಯೂ ಫ್ರಾನ್ಸಿನ ರಾಜನ ವೀರರು ಹನ್ನೆರಡು ಜನ, ಆಟಕ್ಕೆ ಮುಂಚೆ ಹೀಗೆಯೇ ಕಂಬಿಗೆ ನೇತಾಡುತ್ತಾ ತಲೆ ತಗ್ಗಿಸಿ ಕಾಯುತ್ತಾರೆ. ನಾನು ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದೆ. ಸುತ್ತ ಎಲ್ಲರ ಕೈಯಲ್ಲೂ ಹಬ್ಬಕ್ಕೆ ಬೀಸುವ ಕರವಸ್ತ್ರವಿತ್ತು, ಯಾರೂ ನನ್ನನ್ನು ನೋಡಲಿಲ್ಲ. ಗಂಟಲಲ್ಲಿ ಒಮ್ಮೆ ಗುರುಗುಟ್ಟಿದೆ. ಆಮೇಲೆ ಸಾರೊನ ದನಿಯಲ್ಲಿ, ‘ಎತ್ತೂ! ಹಿಂದಕ್ಕೆ ತಿರುಗೂ! ನಡೀ!’ ಎಂದು ಕೂಗಿದೆ.

ಎತ್ತಿದರು. ತಿರುಗಿದರು. ನಡೆದರು.

ನೂರಹತ್ತು ಮೀಟರಿಗೆ ಒಂಬತ್ತು ನಿಮಿಷ ಹಿಡಿಯಿತು. ಹರಕೆಯ ಬತ್ತಿಗಳ ಮೇಣ ಸುರಿದು ದಾರಿಯ ಕರಿಕಲ್ಲು ಜಾರುತ್ತಿತ್ತು, ಅದಕ್ಕೆ ನಿಧಾನ. ನಾನು ಮುಂದೆ ಕೂಗುಗಾರನ ದನಿಯಲ್ಲಿ ಜನರನ್ನು ಕರೆಯುತ್ತಿದ್ದೆ, ತಿರುಗಿ ಕರವಸ್ತ್ರದೊಳಗಿಂದ ಮೇಸ್ತ್ರಿಯ ದನಿಯಲ್ಲಿ ಗಂಬ ನಡೆಸುತ್ತಿದ್ದೆ. ಒಂದು ಬಾಯಲ್ಲಿ ಎರಡು ಪಾತ್ರ. ಆ ಒಂಬತ್ತು ನಿಮಿಷ ನಾನು ಸುಖವಾಗಿದ್ದೆನೆಂದು ಬರೆದುಕೊಳ್ಳಿ. ಅದು ಅಪರಾಧಕ್ಕೆ ಸೇರುತ್ತದೋ ಇಲ್ಲವೋ ನನಗೆ ತಿಳಿಯದು.

ಹನ್ನೆರಡೂ ಮೂವತ್ತನಾಲ್ಕಕ್ಕೆ ಗಂಬ ಕಿಟಕಿಯ ಕೆಳಗೆ ಬಂತು. ವೆನೆರಾ ಎರಡೂ ಕೈ ಕಿಟಕಿಯ ದಂಡೆಗೆ ಊರಿ ಮುಂದಕ್ಕೆ ಬಾಗಿದ್ದಳು. ಅವಳಿಗೆ ಎದುರಾಗಿ ಗಂಬವನ್ನು ತಿರುಗಿಸಿದೆ. ಬಾಗಿಸಿದ ಮೇಲೆ ಎತ್ತಿಸುವಷ್ಟು ಕಸುಬುಗಾರಿಕೆ ನನಗಿಲ್ಲ, ಮೊದಲು ಇಳಿಸಿ, ದಣಿವಾರಿಸಿ, ಆಮೇಲೆ ಬಾಗಿಸೋಣವೆಂದುಕೊಂಡೆ. ‘ಇಳಿಸೂ!’ ಎಂದೆ.

ಅದೇ ಗಳಿಗೆಗೆ, ಹಿಂದೆ ಮೂವತ್ತು ಮೀಟರಿನಿಂದ ಓಡಿಬರುತ್ತಿದ್ದ ನಿಜವಾದ ಸಾರೊ, ‘ಇಳಿಸ್ಬೇಡ್ರೋ! ನಡೀ!’ ಎಂದು ಕೂಗಿದನು. ನನಗೆ ಹತ್ತಿರವಿದ್ದ ಮುಂದಿನ ಆರು ಜನ ನನ್ನ ಸಾರೊನನ್ನು ಕೇಳಿದರು. ಅವನಿಗೆ ಹತ್ತಿರವಿದ್ದ ಹಿಂದಿನ ಆರು ಜನ ಅವನ ಸಾರೊನನ್ನು ಕೇಳಿದರು. ಮುಂದಿನವರು ಕುಸಿದರು, ಹಿಂದಿನವರು ನೂಕಿದರು. ಗಂಬ ಮುಂದಕ್ಕೆ ವಾಲಿತು. ಮುಂದಿನ ಎಡಗಾಲು ಚಿರಿನೊನ ಬಲಪಾದದ ಮೇಲೆ ಇಳಿಯಿತು.

ಜನ ಚಪ್ಪಾಳೆ ತಟ್ಟಿದರು. ಗಂಬ ವೆನೆರಾಳ ಕಿಟಕಿಗೆ ಬಾಗಿತೆಂದು ತಿಳಿದರು. ಇಷ್ಟು ಆಳವಾಗಿ ಬಾಗಿದ್ದನ್ನು ಯಾರೂ ಕಂಡಿರಲಿಲ್ಲ. ಕರವಸ್ತ್ರಗಳು ಎದ್ದವು. ವಾದ್ಯದವರು ಜೋರಾಗಿ ಹಿಡಿದರು. ಚಿರಿನೊ ಕಿರುಚುತ್ತಿದ್ದದ್ದು ಆ ತುತ್ತೂರಿಗಳ ಕೆಳಗೆ ಎಷ್ಟು ಹೊತ್ತು ಸಿಕ್ಕಿಕೊಂಡಿತ್ತೆಂದು ಇನ್ಸ್‌ಪೆಕ್ಟರಮ್ಮನವರು ಕೇಳಿದರು. ನಾನು ಎಣಿಸಲಿಲ್ಲ. ನಾನು ಮೇಲೆ ನೋಡುತ್ತಿದ್ದೆ. ಚಪ್ಪಾಳೆ ನಿಲ್ಲುವ ಮೊದಲೇ ವೆನೆರಾ ಕಿಟಕಿಯ ಬಾಗಿಲನ್ನು ಎಳೆದು ಮುಚ್ಚಿಕೊಂಡಳು. ಒಂದು, ಆಮೇಲೆ ಇನ್ನೊಂದು.

ಹನ್ನೆರಡೂ ಐವತ್ತೆರಡಕ್ಕೆ ಆಂಬುಲೆನ್ಸ್ ಬಂತು. ಅಷ್ಟರೊಳಗೆ ಹೊರುವವರು ಸಾರೊನ ಕೊರಳಪಟ್ಟಿ ಹಿಡಿದಿದ್ದರು. ‘ಒಂದ್ಸಲ ಇಳಿಸು ಅಂತೀಯ, ಒಂದ್ಸಲ ಬೇಡ ಅಂತೀಯ, ಡಾನ್ ಮಾಸಿನೊ ವೈನು ತಲೆಗೇರಿತಾ ಮೇಸ್ತ್ರಿ?’ ಎಂದು ಒಬ್ಬನು ಕೇಳಿದನು. ‘ನಾನು ಅನ್ಲಿಲ್ಲ ಕಣ್ರೋ, ನಾನು ಇರ್ಲೇ ಇಲ್ಲ’ ಎಂದು ಅವನು ಎಲ್ಲರ ಮುಖ ನೋಡುತ್ತಿದ್ದನು. ನನ್ನ ಮುಖವನ್ನೂ ನೋಡಿದನು. ನಾನು ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಒಂದೂ ಇಪ್ಪತ್ತಕ್ಕೆ ನಾನು ಮೇಲೆ ಹೋದೆ. ವೆನೆರಾ ನಿಲುವಂಗಿಯನ್ನು ಕಳಚಿ, ತೊಡೆಯ ಮೇಲೆ ಇಟ್ಟುಕೊಂಡು, ನಾನು ಹಾಕಿದ ಗುಂಡುಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಚಿರಿನೊ ಅವಳು ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ಕೈಯಲ್ಲಿ ಎತ್ತಿ ಹಿಡಿದ ಮಗ. ನಮಗೆ ಬೇರೆ ಮಕ್ಕಳಿಲ್ಲ. ಅವಳು ತಲೆ ಎತ್ತದೆ, ‘ಆ ಇಳಿಸು ಸಾರೊದಲ್ಲ. ಕೊನೇ ಅಕ್ಷರಕ್ಕೆ ಮುಂಚೆ ಉಸಿರು ಕದ್ದಿರಿ’ ಎಂದಳು. ನಿನಗೋಸ್ಕರ ಮಾಡಿದೆ ಎಂದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸುತ್ತೇನೆ. ‘ನಲವತ್ತೊಂದು ವರ್ಷ ನಿಮ್ಮ ಗೊಂಬೆಗಳಿಗೆ ಬಟ್ಟೆ ಹೊಲ್ದೆ. ಬಾಗು ಅಂದ್ರೆ ಬಾಗ್ತಿದ್ವು, ಸಾಯಿ ಅಂದ್ರೆ ಸಾಯ್ತಿದ್ವು. ಗೊಂಬೆ ಬಾಗೋದು ನೋಡ್ಬೇಕಿದ್ರೆ ನನಗೆ ಕಿಟಕಿ ಯಾಕ್ರೀ ಬೇಕಿತ್ತು? ಸಾರೊ ನಿಲ್ಲಿಸ್ಲಿಲ್ಲ. ಹೋಗ್ಲಿ, ಅವನ ಹಣೆಬರಹ. ನಾನು ಚಿರಿನೊನ ಬೆನ್ನು ನೋಡಿದ್ದೆ, ಅಷ್ಟೇ ಸಾಕಿತ್ತು. ಈಗ ಅವನ ಕಾಲು ನೋಡಿದೆ.’

ಇದಾದ ಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಸಾರು ಕೊಟ್ಟರೆ ಕುಡಿದಳು, ಔಷಧಿ ಕೊಟ್ಟರೆ ನುಂಗಿದಳು.

ಸಂಜೆ ನಾಲ್ಕೂವರೆಗೆ ಆಸ್ಪತ್ರೆಗೆ ಹೋದೆ. ಪಾದದ ಎರಡು ಮೂಳೆ, ಮೂರು ಬೆರಳು ಮುರಿದಿವೆ, ಸರಿಯಾಗಿ ನಡೆಯುವುದು ಬೇಸಿಗೆಯ ಮೇಲಿನ ಮಾತು ಎಂದು ವೈದ್ಯರು ಹೇಳಿದರು. ಚಿರಿನೊ ಮಲಗಿದ್ದನು. ‘ದೊಡ್ಡಪ್ಪ, ಆ ಮೇಸ್ತ್ರಿ ನಾಲಿಗೆ ಬಿದ್ದುಹೋಗ್ಲಿ. ಗಂಬ ದೊಡ್ಡಮ್ಮನ ಕಿಟಕಿ ಹತ್ರ ಬಂತಾ? ಅವರು ನೋಡಿದ್ರಾ?’ ಎಂದು ಕೇಳಿದನು. ನೋಡಿದಳು ಎಂದೆ. ‘ನಮಗೆ ಏನೂ ಕಾಣ್ಲಿಲ್ಲ, ಯಾವ ಮನೆ ಅಂತಾನೂ ಗೊತ್ತಾಗ್ಲಿಲ್ಲ. ಗೊತ್ತಿದ್ರೆ ಮೇಸ್ತ್ರಿ ಇಳಿಸು ಅಂದ್ರೂ ನಾನು ಇಳಿಸ್ತಿರ್ಲಿಲ್ಲ, ಬಾಗಿಬಿಡ್ತಿದ್ದೆ’ ಎಂದನು. ಆಮೇಲೆ ತನ್ನ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿಸಿರುವ ಹರಕೆಯ ಮೇಣದಬತ್ತಿಯನ್ನು ನೆನೆದು ಅತ್ತನು. ರೋಗಿಯ ತೂಕದಷ್ಟು ಮೇಣವನ್ನು ಹೆಗಲ ಮೇಲೆ ಹೊತ್ತು, ನಾಲ್ಕನೇ ತಾರೀಕಿನ ಮುಂಜಾನೆ, ಆಗಾತಮ್ಮನ ಮೂರ್ತಿ ಹೊರಗೆ ಬರುವ ಹೊತ್ತಿಗೆ ದೊಡ್ಡ ಇಗರ್ಜಿಯ ಮುಂದೆ ಇಳಿಸುವುದು ನಮ್ಮಲ್ಲಿ ಹರಕೆ. ಚಿರಿನೊ ವೆನೆರಾಳ ಹೆಸರಿನಲ್ಲಿ ಹೊತ್ತಿದ್ದನು. ಜನವರಿ ಒಂಬತ್ತರಂದು ಎರಕ ಹಾಕಿಸಿದ್ದು. ಆ ದಿನದ ಅವಳ ತೂಕ, ನಲವತ್ತಾರು ಕಿಲೋ. ‘ಯಾರು ಹೊರ್ತಾರೆ ದೊಡ್ಡಪ್ಪ?’ ಎಂದನು. ನಾನು ಅವನ ಹೊದಿಕೆ ಸರಿಮಾಡಿದೆ. ಕೂಗಿದ್ದು ನಾನು ಎಂದು ಹೇಳಲಿಲ್ಲ. ಇಪ್ಪತ್ತು ದನಿಗಳಿರುವ ಈ ಬಾಯಲ್ಲಿ ಆಗ ಒಂದೂ ಹೊರಡಲಿಲ್ಲ.

ಈ ದಿನ, ಫೆಬ್ರವರಿ ಮೂರು, ಬೆಳಿಗ್ಗೆ ಏಳಕ್ಕೆ ವೆನೆರಾ ಗೋಡೆಯ ಕಡೆ ಮುಖ ಮಾಡಿಕೊಂಡೇ, ‘ಠಾಣೆಗೆ ಹೋಗಿ ಹೇಳಿ. ಸಾರೊ ಮಾತು ಮುರಿದ. ಕಾಲು ಮುರೀಲಿಲ್ಲ’ ಎಂದಳು. ಏಳರಿಂದ ಮಧ್ಯಾಹ್ನ ಮೂರೂ ನಲವತ್ತರವರೆಗೆ ನಾನು ಎಲ್ಲಿದ್ದೆನೆಂದು ಕೇಳಲಾಯಿತು. ಈ ಠಾಣೆಯ ಎದುರಿನ ಕಟ್ಟೆಯ ಮೇಲಿದ್ದೆ. ಹನ್ನೊಂದು ಜನ ಒಬ್ಬೊಬ್ಬರಾಗಿ ಒಳಗೆ ಬರುವುದನ್ನು ನೋಡಿದೆ. ಸಾರೊನನ್ನು ಕರೆತರುವುದನ್ನು ನೋಡಿದೆ. ಹನ್ನೆರಡಕ್ಕೆ ಬೇರೆ ಸಂಘಗಳ ಗಂಬಗಳು ಆಗಾತಮ್ಮನಿಗೆ ಮೇಣ ಒಪ್ಪಿಸಲು ಈ ರಸ್ತೆಯಲ್ಲೇ ಹೋದವು. ನಮ್ಮದಿರಲಿಲ್ಲ. ಸಾರೊ ನನ್ನ ಹೆಂಡತಿಯನ್ನು ಒಂದು ಗ್ಲಾಸು ವೈನಿಗೆ ಮಾರಿದನು, ಅನುಭವಿಸಲಿ ಎಂದುಕೊಂಡು ಎಂಟು ಗಂಟೆ ನಲವತ್ತು ನಿಮಿಷ ಕುಳಿತಿದ್ದೆ. ಈಗಲೂ ಹಾಗೆಂದೇ ಅಂದುಕೊಳ್ಳುತ್ತೇನೆ. ಆದರೂ ಒಳಗೆ ಬಂದೆ.

ನನ್ನ ಮಾತಿಗೆ ಸಾಕ್ಷಿಯೇನೆಂದು ಇನ್ಸ್‌ಪೆಕ್ಟರಮ್ಮನವರು ಕೇಳಿದರು. ನಾಲ್ಕೂ ಐವತ್ತೈದಕ್ಕೆ, ಅವರ ಅನುಮತಿಯಿಂದ, ಕರವಸ್ತ್ರವನ್ನು ಬಾಯಿಗೆ ಹಿಡಿದು ಸಾರೊನ ದನಿಯಲ್ಲಿ ‘ಎತ್ತೂ!’ ಎಂದೆ. ಬೆಂಚಿನ ಮೇಲಿದ್ದ ಹನ್ನೊಂದು ಜನ ಒಟ್ಟಿಗೆ ಎದ್ದು ನಿಂತರು. ಗುಮಾಸ್ತರೂ ಅರ್ಧ ಎದ್ದರು. ಸಾರೊ ಮುಖ ಎತ್ತಿ, ‘ನಾನು ಹೀಗಾ ಕೂಗೋದು?’ ಎಂದನು. ಬೆಂಚಿನವರಲ್ಲಿ ಒಬ್ಬನು, ‘ಇಲ್ಲ ಮೇಸ್ತ್ರಿ, ನಿನಗಿಂತ ಚೆನ್ನಾಗಿದೆ’ ಎಂದನು. ಯಾರೂ ನಗಲಿಲ್ಲ.

ಸಾರೊ ನನ್ನ ಬಳಿ ಬಂದು ಎರಡು ಹೆಜ್ಜೆ ದೂರದಲ್ಲಿ ನಿಂತನು. ವೆನೆರಾಳ ಬಗ್ಗೆ ಏನೋ ಕೇಳುತ್ತಾನೆಂದುಕೊಂಡೆ. ಅವನು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿ, ‘ಹಾಗಾದ್ರೆ ನಾನಿನ್ನು ಹೋಗ್ಬಹುದಾ?’ ಎಂದು ಕೇಳಿದನು. ಹೋಗಬಹುದೆಂದರು. ಬೆಳಿಗ್ಗೆಯಿಂದ ಅವನನ್ನು ಬೈಯುತ್ತಿದ್ದವರಲ್ಲಿ ಐದು ಜನ ಅವನ ಹಿಂದೆಯೇ ಹೋದರು. ಹೊರಗೆ ಅವನಿಗಾಗಿ ಒಂದು ಕಾರು ನಿಂತಿತ್ತು. ಅದು ಯಾರದೆಂದು ನಾನು ನೋಡಲಿಲ್ಲ. ಠಾಣೆಯ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ.

ಮೇಲೆ ಬರೆದಿರುವುದನ್ನೆಲ್ಲ ನನಗೆ ಓದಿ ಹೇಳಲಾಗಿದೆ. ನಡೆದದ್ದು ನಡೆದ ಹಾಗೆಯೇ ಇದೆ. ಇದನ್ನು ನಾನು ನನ್ನ ಸ್ವಂತ ದನಿಯಲ್ಲಿ ಹೇಳಿದ್ದೇನೆ, ಬೇರೆ ಯಾರ ದನಿಯಲ್ಲೂ ಅಲ್ಲ.

ಸ್ಥಳ: ಕತಾನಿಯಾ
ದಿನಾಂಕ: 3 ಫೆಬ್ರವರಿ 1994, ಸಂಜೆ 5.40
ಸಹಿ: ನುಂಜಿಯೊ ಕಲ್ತಬಿಯಾನೊ

ಸಹಿಯ ಕೆಳಗೆ ಸೇರಿಸಿ ಬರೆಸಿದ್ದು:

ನನ್ನನ್ನು ಹಿಡಿದಿಡುವುದಿದ್ದರೆ ನಾಳೆ ಬೆಳಿಗ್ಗೆ ಎಂಟರ ಮೇಲೆ ಹಿಡಿಯಿರಿ. ಎಲ್ಲಿ ಸಿಗುತ್ತೇನೆಂದು ತಿಳಿಸುತ್ತೇನೆ. ನಾಳೆ ಬೆಳಿಗ್ಗೆ ಐದೂವರೆಗೆ ಆಸ್ಪತ್ರೆಗೆ ಹೋಗಿ, ಕೂಗಿದ್ದು ಯಾರೆಂದು ಚಿರಿನೊನಿಗೆ ಹೇಳುತ್ತೇನೆ. ಆರಕ್ಕೆ ಅವನ ನಡುಮನೆಯಿಂದ ಆ ಮೇಣದಬತ್ತಿಯನ್ನು ಹೆಗಲಿಗೆ ಎತ್ತಿಕೊಂಡು ಬರಿಗಾಲಲ್ಲಿ ಹೊರಡುತ್ತೇನೆ. ಇಗರ್ಜಿಗೆ ಎರಡು ಸಾವಿರದ ಮುನ್ನೂರು ಮೀಟರ್. ಹಗ್ಗದವರ ಓಣಿಯಲ್ಲೇ ಹೋಗುತ್ತೇನೆ. ಇಪ್ಪತ್ತಮೂರನೇ ನಂಬರಿನ ಕೆಳಗೆ ನಿಲ್ಲುತ್ತೇನೆ, ಬಾಗುತ್ತೇನೆ, ಮೇಲೆ ನೋಡುವುದಿಲ್ಲ. ಕಿಟಕಿ ತೆರೆದರೆ ತೆರೆಯಲಿ. ಆಗಾತಮ್ಮ ಹೊರಗೆ ಬಂದಾಗ ಚೌಕದಲ್ಲಿರುವ ಊರೆಲ್ಲ ಕೂಗುತ್ತದೆ, ನಾನು ಬಾಯಿ ಬಿಡುವುದಿಲ್ಲ. ಮೇಣದ ತೂಕ ನಲವತ್ತಾರು ಕಿಲೋ. ವೆನೆರಾ ಈಗ ನಲವತ್ತೊಂದು. ಉಳಿದ ಐದು ಕಿಲೋ ನನ್ನದು.